ಫಾಸ್ಫರಸ್ ಮನೆಯವರು

ಸಂಜೆ ದೀಪ ಹಚ್ಚುವ ಹೊತ್ತಿನೊಳಗೆ ನಾನಿದನ್ನು ಬರೆದು ಮುಗಿಸಬೇಕು. ಯಾಕೆಂದು ಹೋಗ್ತಾ ಹೋಗ್ತಾ ನಿಮಗೇ ತಿಳಿಯುತ್ತದೆ. ನನಗೆ ಬರೆಯುವ ಅಭ್ಯಾಸವಿಲ್ಲ. ಪಂಕ್ಚರ್ ಹಾಕಿ, ಚೈನು ಬಿಗಿದು ಗಟ್ಟಿಯಾದ ಕೈ ಇದು, ಪೆನ್ನನ್ನೂ ಸ್ಪ್ಯಾನರ್ ಹಿಡಿದ ಹಾಗೇ ಹಿಡಿಯುತ್ತದೆ. ಮಾತಾಡುವುದಾದರೆ ಬೇರೆ. ಮಾತಿನಲ್ಲಿ ಈ ಹಾಲಪ್ಪನನ್ನು ಮೀರಿಸುವವರು ಊರಲ್ಲಿಲ್ಲ ಅಂತ ನನಗೆ ನಾನೇ ತಿಳಿದುಕೊಂಡಿದ್ದೆ. ನನ್ನ ಅಂಗಡಿ ಕಂಡರೆ ಜನ ಗಾಳಿಯಿಲ್ಲದ ಸೈಕಲ್ಲನ್ನೂ ತಳ್ಳಿಕೊಂಡು ಆಚೆ ಬೀದಿಯಿಂದ ಸುತ್ತಿ ಹೋಗುತ್ತಿದ್ದರು ಅನ್ನುವುದು ಗೊತ್ತಾದದ್ದು ಮೊನ್ನೆ ಮೊನ್ನೆ.

ನಮ್ಮೂರಲ್ಲಿ ಮನೆಗೊಂದು ಮಾತು. ಬಾಗಿಲ ಮೇಲೆ ಹಲಗೆ, ಹಲಗೆಯ ಮೇಲೆ ಆ ಮಾತು. ಅದನ್ನು ಕಾಯುವುದು ಆ ಮನೆಯವರ ಹೊಣೆ. ಯಾರು ಬೇಕಾದರೂ ಯಾವ ಮಾತನ್ನಾದರೂ ಆಡಬಹುದು, ಅದಕ್ಕೇನೂ ತಡೆಯಿಲ್ಲ. ಆದರೆ ವರ್ಷಕ್ಕೊಮ್ಮೆ ಮಾತುಗಳ ಲೆಕ್ಕ ನೋಡುವ ಕೇಳಿಕೆ ದಿನ ಬರುತ್ತದೆ, ಒಂದು ಕೇಳಿಕೆ ದಿನದಿಂದ ಮುಂದಿನದರೊಳಗೆ ಮನೆಯವರಲ್ಲದ ಒಬ್ಬರಾದರೂ, ಯಾರೂ ಹೇಳಿಕೊಡದೆ, ತಮ್ಮ ಅಗತ್ಯಕ್ಕೆ ಆ ಮಾತನ್ನು ಒಂದು ಸಲ ಆಡಬೇಕು. ಮನೆಯ ಹೆಸರು ಅಂತ ಕರೆದದ್ದು ಲೆಕ್ಕಕ್ಕಿಲ್ಲ. ಯಾರೂ ಆಡದಿದ್ದರೆ ಆ ಸಂಜೆ ದೀಪದ ಹೊತ್ತಿಗೆ ಮಾತು ಹೋಗುತ್ತದೆ. ಹೋಗುತ್ತದೆ ಅಂದರೆ ಹೋಗುತ್ತದೆ, ಊರಿನ ಯಾರ ನಾಲಿಗೆಯೂ ಅದಕ್ಕೆ ಹೊರಳುವುದಿಲ್ಲ. ವಸ್ತು ಇರುತ್ತದೆ, ಕೆಲಸ ನಡೆಯುತ್ತದೆ, ಹೆಸರು ಮಾತ್ರ ಇರುವುದಿಲ್ಲ. ಮರುದಿನ ಕಿವಿಗಾರ ಏಣಿ ತಂದು ಹಲಗೆ ಇಳಿಸುತ್ತಾನೆ. ಕಿವಿಗಾರ ಅಂದರೆ ಊರಿನ ಮಾತು ಕೇಳಿಸಿಕೊಂಡು ತಿರುಗುವವನು. ಈಗಿರುವವನು ದುಗ್ಗಪ್ಪ. ಯಾವ ಮೂಲೆಯ ಪಿಸುಮಾತೂ ಅವನಿಗೆ ಕೇಳಿಸುತ್ತದೆ, ಗೋಗರೆದರೆ ಮಾತ್ರ ಕೇಳಿಸುವುದಿಲ್ಲ.

ಹೋದ ಮಾತುಗಳಿಗೆ ಊರು ಹೇಗೋ ಒಗ್ಗಿಕೊಂಡಿದೆ. ಎಲೆಯಡಿಕೆ ಉಗಿಯಲು ಇಡುವ ಪಾತ್ರೆಗೆ ಹಿಂದೆ ಒಂದು ಹೆಸರಿತ್ತಂತೆ. ಈಗ ಗದ್ದ ಮುಂದೆ ಮಾಡಿ 'ಅದನ್ನ ಇತ್ತ ತಳ್ಳು' ಅನ್ನುತ್ತಾರೆ, ಕೆಲಸವಾಗುತ್ತದೆ. ಹನ್ನೊಂದು ವರ್ಷದ ಹಿಂದೆ ಹೋದ ಮಾತೊಂದು ಮಾತ್ರ ಊರಿಗೆ ಭಾರವಾಯಿತು. ಒಬ್ಬರಿಗೆ ನೋವು ಮಾಡಿದ ಮೇಲೆ ತಲೆ ತಗ್ಗಿಸಿಕೊಂಡು ಹೋಗಿ, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ ಅಂತ ಬೇಡುವಾಗ ಆಡುವ ಮಾತು. ನಿಮ್ಮ ಕಡೆ ಇನ್ನೂ ಇರಬಹುದು, ನೀವೇ ಹೇಳಿಕೊಳ್ಳಿ. ಅಷ್ಟು ದೊಡ್ಡ ಮಾತು, ಯಾರಾದರೂ ಆಡೇ ಆಡುತ್ತಾರೆ ಅಂತ ಎಲ್ಲರೂ ಅಂದುಕೊಂಡರು, ವರ್ಷವಿಡೀ ಒಬ್ಬರೂ ಆಡಲಿಲ್ಲ. 'ತಪ್ಪು' ಅನ್ನುವ ಮಾತು ಇದೆ, ಗುಂಡುಕಲ್ಲಿನ ಹಾಗಿದೆ, ಯಾಕೆಂದರೆ ಅದು ಯಾವಾಗಲೂ 'ನಿನ್ನದೇ' ಅನ್ನುವುದರ ಜೊತೆಗೆ ಬರುತ್ತದೆ. ಆ ಮಾತು ಹೋದ ಮೊದಲ ವರ್ಷ ಅಣ್ಣತಮ್ಮಂದಿರು, ಅತ್ತೆಸೊಸೆಯರು ಮುಖ ತಿರುಗಿಸಿಕೊಂಡೇ ಓಡಾಡಿದರು. ಆಮೇಲೆ ಯಾರೋ ಒಬ್ಬಾಕೆ ತಾನು ಜಗಳವಾಡಿದ ಮನೆಯ ಹೊಸ್ತಿಲ ಮೇಲೆ ಒಂದು ಸೌತೆಕಾಯಿ ಇಟ್ಟು ಬಂದಳು. ಸೌತೆಕಾಯಿಯೇ ಯಾಕೆ ಅಂದರೆ ಆ ವರ್ಷ ಸೌತೆ ಚೆನ್ನಾಗಿ ಬಂದಿತ್ತು, ಅಷ್ಟೆ. ಮನೆಯವರು ಅದನ್ನು ಎತ್ತಿಕೊಂಡು ತಿಂದರೆ ಜಗಳ ಮುಗಿಯಿತು, ಅಲ್ಲೇ ಬಾಡಲು ಬಿಟ್ಟರೆ ಮುಗಿದಿಲ್ಲ. ಈಗ ಊರಿಗೆಲ್ಲ ಅದೇ ಪದ್ಧತಿ.

ಆ ಮಾತನ್ನು ಕಾಯುತ್ತಿದ್ದವರು ನನ್ನ ಹೆಂಡತಿ ಸಾವಂತ್ರಿಯ ತಂದೆ, ಮುಪ್ಪಣ್ಣನವರು. ನಮ್ಮೂರಲ್ಲಿ ಮನೆತನವನ್ನು ಮಾತಿನಿಂದಲೇ ಕರೆಯುವುದು: ಉಪ್ಪಿನವರು, ಕೆಂಡದವರು, ತುರಿಕೆಯವರು. ಹಲಗೆ ಇಳಿದ ಮೇಲೆ ಮಾವನ ಮನೆಯವರು ಬೋಳುಬಾಗಿಲವರಾದರು. ಯಾರೂ ಅವರ ಮುಖಕ್ಕೆ ಹಾಗೆ ಅನ್ನಲಿಲ್ಲ, ಆದರೆ ಅವರಿಗೆ ಕೇಳಿಸುತ್ತಿತ್ತು. ಅಂದಿನಿಂದ ಮನುಷ್ಯ ಜಗುಲಿ ಇಳಿಯಲಿಲ್ಲ. ಯಾರ ಮದುವೆಗೂ ಹೋಗಲಿಲ್ಲ, ಮಗಳ ಮನೆಗೂ ಬರಲಿಲ್ಲ. ಸುಮ್ಮನೆ ಕೂತು ತುಟಿ ಅಲುಗಿಸುತ್ತಿದ್ದರು, ಏನನ್ನೋ ಹುಡುಕುವವರ ಹಾಗೆ.

ಇನ್ನು ನಮ್ಮ ಮನೆಯ ಮಾತು. ಊರಿನಲ್ಲಿ ಮಾತು ಹಂಚಿದ ದಿನ ನಮ್ಮಜ್ಜ ಅರ್ಧ ದಾರಿಗೆ ಹೋಗಿ, ಹೊಗೆಸೊಪ್ಪಿನ ಚೀಲ ಮರೆತೆ ಅಂತ ಮನೆಗೆ ವಾಪಸು ಬಂದನಂತೆ. ಮತ್ತೆ ಹೋಗುವಷ್ಟರಲ್ಲಿ ಅನ್ನ, ನೀರು, ಬಾ, ಹೋಗು ಎಲ್ಲ ಖಾಲಿ. ಉಳಿದದ್ದು ಮೂರು: ತುರಿಕೆ, ಕುರು, ಫಾಸ್ಫರಸ್. ಮೂರನೆಯದು ಏನು ಅಂತ ಅಜ್ಜ ಕೇಳಿದನಂತೆ. ಹಂಚುವವನು, ಅದೇನೋ ಕತ್ತಲಲ್ಲಿ ಬೆಳಗುತ್ತದಂತಪ್ಪ, ಅಂದನಂತೆ. ಬೆಳಗುತ್ತದೆ ಅಂದದ್ದೇ ತಡ, ನಮ್ಮ ಮನೆತನದ ಬುದ್ಧಿ ನೋಡಿ, ಅಜ್ಜ ಅದನ್ನೇ ಎತ್ತಿಕೊಂಡ. ತುರಿಕೆಯವರು ಇವತ್ತು ರಾಜರ ಹಾಗೆ ಇದ್ದಾರೆ. ಊರಿನಲ್ಲಿ ತುರಿಸದವರು ಯಾರಿದ್ದಾರೆ?

ಅದೇ ವಸ್ತುವಿಗೆ ಪುಸ್ತಕದ ಕನ್ನಡದಲ್ಲಿ ಇನ್ನೊಂದು ಹೆಸರೂ ಇತ್ತಂತೆ, ಕೆಳಗಿನ ಬೀದಿಯವರು ಕಾಯುತ್ತಿದ್ದರಂತೆ. ಅದು ನಾನು ಹುಟ್ಟುವ ಮೊದಲೇ ಹೋಯಿತು, ಏನೆಂದು ಕೇಳಬೇಡಿ. ನಮ್ಮದು ಇಷ್ಟು ದಿನ ಉಳಿದದ್ದು ಶೇಷಗಿರಿ ಮೇಷ್ಟ್ರ ಪುಣ್ಯ. ವರ್ಷಕ್ಕೊಮ್ಮೆ ಅವರು ಏಳನೇ ಕ್ಲಾಸಿನಲ್ಲಿ ಆ ಪಾಠ ಮಾಡುತ್ತಿದ್ದರು, ಗಂಟಲು ಬಿಚ್ಚಿ 'ಫಾಸ್ಫರಸ್' ಅನ್ನುತ್ತಿದ್ದರು, ಕಿಟಕಿಯ ಹೊರಗೆ ದುಗ್ಗಪ್ಪ ತಲೆ ಆಡಿಸಿ ಮುಂದೆ ಹೋಗುತ್ತಿದ್ದ. ಹೋದ ವರ್ಷ ಮೇಷ್ಟ್ರು ರಿಟೈರಾಗಿ ಮಗಳ ಊರಿಗೆ ಹೋದರು. ಹೊಸದಾಗಿ ಬಂದವರು, ಆ ಪಾಠ ನೀವೇ ಓದಿಕೊಳ್ಳಿ, ಪರೀಕ್ಷೆಗೆ ಬರಲ್ಲ, ಅಂದುಬಿಟ್ಟರು. ಸುದ್ದಿ ಕೇಳಿ ನನ್ನ ಕೈಯಲ್ಲಿದ್ದ ಪಂಪು ಕೆಳಗೆ ಬಿತ್ತು.

ಅಂದಿನಿಂದ ಶುರುವಾಯಿತು ನನ್ನ ಹುಚ್ಚು. ಹೇಳಿಕೊಡಬಾರದು, ಬೇಡಬಾರದು, ಆದರೆ ಅರ್ಥ ಬಿಡಿಸಿ ಹೇಳಿದರೆ ತಪ್ಪೇನು? ಒಂದಿಲ್ಲೊಂದು ದಿನ ಯಾರಿಗಾದರೂ ಬೇಕಾಗುತ್ತದೆ ಅಂತ ನನ್ನ ಯೋಚನೆ. ಪಂಕ್ಚರಿನ ಗಮ್ಮು ಒಣಗುವ ತನಕ ಗಿರಾಕಿ ಎಲ್ಲಿಗೂ ಹೋಗುವಂತಿಲ್ಲ, ಅಷ್ಟರಲ್ಲಿ ನಾನು ಎಲ್ಲ ಹೇಳಿ ಮುಗಿಸುತ್ತಿದ್ದೆ. ಬೆಂಕಿಪೊಟ್ಟಣದ ಮಗ್ಗುಲಲ್ಲಿ ಕಂದು ಬಣ್ಣಕ್ಕೆ ಬಳಿದಿರುತ್ತದಲ್ಲ, ಅದರಲ್ಲಿರುವುದು ಫಾಸ್ಫರಸ್. ನಿಮ್ಮ ಮೂಳೆಯಲ್ಲಿ ಫಾಸ್ಫರಸ್, ಹಲ್ಲಿನಲ್ಲಿ ಫಾಸ್ಫರಸ್. ಬೇರು ಇಳಿಯಲಿ ಅಂತ ಹೊಲಕ್ಕೆ ಹಾಕುವ ಗೊಬ್ಬರದಲ್ಲಿ ಫಾಸ್ಫರಸ್. ಬೆಳಗಿನ ಜಾವ ಮೂಡುತ್ತದಲ್ಲ ಬೆಳ್ಳಿ, ಹಳೇ ಗ್ರೀಕರು ಅದಕ್ಕೂ ಇದೇ ಹೆಸರಿಟ್ಟಿದ್ದರು, ಬೆಳಕು ಹೊತ್ತು ತರುವವನು ಅಂತ. ಇದರಲ್ಲಿ ಬಿಳಿಯದು ಒಂದು ಜಾತಿ, ಅದನ್ನು ನೀರಿನಲ್ಲಿ ಮುಳುಗಿಸಿಯೇ ಇಡಬೇಕು, ಗಾಳಿಗೆ ತೆಗೆದರೆ ತಾನೇ ಹತ್ತಿಕೊಳ್ಳುತ್ತದೆ. ಗಿರಾಕಿಗಳು ಆಕಳಿಸುತ್ತಾ ಹೂಂ ಹೂಂ ಅನ್ನುತ್ತಿದ್ದರು. ಒಬ್ಬ, ನಿನ್ನ ಗಮ್ಮು ಬೇರೆಯವರ ಗಮ್ಮಿಗಿಂತ ನಿಧಾನ ಒಣಗುತ್ತದಲ್ಲೋ, ಅಂತ ಕೇಳಿದ.

ಮಾಡಿದ ಸಾಹಸಗಳನ್ನೆಲ್ಲ ಹೇಳಿದರೆ ನನಗೇ ನಾಚಿಕೆ. ಮೊಣಕಾಲು ನೋವು ಅಂತ ಬರುವವರಿಗೆಲ್ಲ ಮೂಳೆಯ ವಿಷಯ ಸರಿಯಾಗಿ ತಿಳಿಸಿ ಅಂತ ಕಾಂಪೌಂಡರನ್ನು ಹಿಂದೆ ಬಿದ್ದು ಒಪ್ಪಿಸಿದೆ. ಅವನು ತಿಳಿಸಿದ, ಮುದುಕಿಯರು ಗಮನವಿಟ್ಟು ಕೇಳಿ 'ಹಂಗಾರೆ ಕ್ಯಾಲ್ಸಿಯಂ ಗುಳಿಗೆ ಕೊಡಪ್ಪ' ಅಂದರು. ಕ್ಯಾಲ್ಸಿಯಂ ನಮ್ಮ ಪಕ್ಕದ ಮನೆ ಓಬಳಪ್ಪನದು. ಆ ವಾರ ಅವನು ನನಗೆ ಒಂದು ಪಾವು ಜಿಲೇಬಿ ತಂದುಕೊಟ್ಟ. ಆಮೇಲೆ ಒಂದು ಹಳೇ ಸೈಕಲ್ಲಿಗೆ ಕತ್ತಲಲ್ಲಿ ಹೊಳೆಯುವ ಬಣ್ಣ ಬಳಿದು ಅಂಗಡಿಯ ಮುಂದೆ ನಿಲ್ಲಿಸಿದೆ. ಆ ಬಣ್ಣಕ್ಕೂ ನಮ್ಮ ಮಾತಿಗೂ ನಿಜವಾಗಿ ಸಂಬಂಧವಿಲ್ಲ ಅಂತ ನನಗೆ ಗೊತ್ತಿತ್ತು, ಆದರೂ ಯಾರಾದರೂ ಮೋಸಹೋಗಲಿ ಅಂತ ಆಸೆ. ಜನ ಅದನ್ನು ದೆವ್ವದ ಸೈಕಲ್ ಅಂದರು, ದೆವ್ವದ ಮನೆಯವರು ಬಂದು ಕೈಮುಗಿದು ಹೋದರು. ಟೀ ಹೋಟೆಲಿನಲ್ಲಿ ಕೂತು, ಹಿಂದೆ ಒಬ್ಬ ಪರದೇಶದವನು ಚಿನ್ನ ಮಾಡುತ್ತೇನೆ ಅಂತ ಹಂಡೆಗಟ್ಟಲೆ ಉಚ್ಚೆ ಕಾಯಿಸಿ ಕಾಯಿಸಿ, ಕೊನೆಗೆ ತಳದಲ್ಲಿ ಹೊಳೆಯುವ ಫಾಸ್ಫರಸ್ ಕಂಡನು ಅಂತ ಕತೆ ಶುರುಮಾಡಿದೆ. ಅರ್ಧ ಟೀ ಕುಡಿದವರು ಲೋಟ ಕೆಳಗಿಟ್ಟು ಎದ್ದರು. ಹೋಟೆಲಿನವನು ಇನ್ನು ಮುಂದೆ ಬಾಗಿಲಾಚೆ ನಿಂತು ಕುಡಿ ಅಂತ ನನಗೆ ತಾಕೀತು ಮಾಡಿದ.

ಮನೆಯಲ್ಲಂತೂ ಇದು ಮೊದಲಿನಿಂದಲೂ ಇದ್ದದ್ದೇ. ಸಾವಂತ್ರಿ ದೀಪ ಹಚ್ಚಲು ಕಡ್ಡಿ ಗೀರಿದಾಗಲೆಲ್ಲ ಅದು ಯಾಕೆ ಹತ್ತಿತು ಅಂತ ನಾನು ಹೇಳಬೇಕು. ಮದುವೆಯಾಗಿ ಹದಿನಾಲ್ಕು ವರ್ಷ, ದಿನವೂ ಒಂದು ಕಡ್ಡಿ, ದಿನವೂ ಒಂದು ಪಾಠ. ಅವಳು ಬತ್ತಿ ಸರಿಮಾಡುತ್ತಾ ಸುಮ್ಮನಿರುತ್ತಿದ್ದಳು. ಅವಳು ಆಡಿದರೆ ಲೆಕ್ಕಕ್ಕಿಲ್ಲ, ಮನೆಯವಳು. ಹಾಗಾಗಿ ಅವಳು ಏನು ಆಡುತ್ತಾಳೆ ಅಂತ ಕೇಳಿಸಿಕೊಳ್ಳುವ ಗೋಜಿಗೂ ನಾನು ಹೋಗಲಿಲ್ಲ. ಈ ವರ್ಷವಿಡೀ ನನ್ನ ಕಿವಿ ಬೀದಿಯ ಕಡೆಗೇ ಇತ್ತು.

ಕೇಳಿಕೆ ದಿನಕ್ಕೆ ಹತ್ತು ದಿನ ಉಳಿದಾಗ ನನಗೆ ಆ ಹಾಳು ಉಪಾಯ ಹೊಳೆಯಿತು. ಬೀದಿಯ ಬೆಂಕಿಪೊಟ್ಟಣಗಳ ಮಗ್ಗುಲನ್ನು ಕೆರೆದು ತೆಗೆದುಬಿಟ್ಟರೆ? ಕಡ್ಡಿ ಇರುತ್ತದೆ, ಹತ್ತುವುದಿಲ್ಲ. ಆಗ ಏನು ಇಲ್ಲ ಅಂತ ಅವರು ಹುಡುಕಲೇಬೇಕು, ಅದರ ಹೆಸರು ಹಿಡಿದು ಕೇಳಲೇಬೇಕು. ಸೋಮವಾರ ಶೆಟ್ಟರ ಅಂಗಡಿಗೆ ರಜೆ, ಹೊಸ ಪೊಟ್ಟಣ ಸಿಗುವುದಿಲ್ಲ. ಬೆಳಿಗ್ಗೆ ಎದ್ದವನೇ ಟ್ಯೂಬು ಉಜ್ಜುವ ಒರಟು ಕಾಗದ ಜೇಬಿಗೆ ಹಾಕಿಕೊಂಡು, ಬೀಡಿ ಹಚ್ಚುವ ನೆವದಲ್ಲಿ ಮನೆಮನೆಯ ಜಗುಲಿಯಲ್ಲಿ ಕೂತು ಪೊಟ್ಟಣ ಇಸಿದುಕೊಂಡು ಕೆರೆದೆ. ನಾನು ಬೀಡಿ ಸೇದುವವನೇ ಅಲ್ಲ. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು, ಜನ ಅಯ್ಯೋ ಪಾಪ ಅಂದರು. ನಮ್ಮ ಮನೆಯದನ್ನೂ ಬಿಡಲಿಲ್ಲ. ಸಾವಂತ್ರಿ ಅಂಗಳದಲ್ಲಿದ್ದಾಗ ಒಲೆಯ ಪಕ್ಕದ್ದನ್ನು ಕೆರೆದಿಟ್ಟು ಅಂಗಡಿಗೆ ಹೋಗಿ ಕಿವಿ ನಿಮಿರಿಸಿಕೊಂಡು ಕೂತೆ.

ಬೀದಿಯಲ್ಲಿ ಯಾರು ಏನಂದರು ಗೊತ್ತೇ? 'ಕಡ್ಡಿ ತಣಸು ಹಿಡಿದಿದೆ' ಅಂದರು. ಅಷ್ಟೆ. ಯಾರೂ ಏನನ್ನೂ ಹುಡುಕಲಿಲ್ಲ. ಆಚೆ ಬೀದಿಗೆ ಹೋಗಿ ಚಿಪ್ಪಿನಲ್ಲಿ ಕೆಂಡ ತಂದುಕೊಂಡರು. ಕೆಂಡದವರ ಮಾತು ಆ ಒಂದು ಬೆಳಿಗ್ಗೆ ಅರವತ್ತು ಸಲ ಬಳಕೆಯಾಯಿತು ಅಂತ ದುಗ್ಗಪ್ಪ ಆಮೇಲೆ ಹೇಳಿದ.

ಆದರೆ ಆ ಸೋಮವಾರ ಮಾವ ನಮ್ಮ ಮನೆಗೆ ಬರುವವರಿದ್ದರು. ಹನ್ನೊಂದು ವರ್ಷದ ಮೇಲೆ, ಮಗಳು ಗೋಗರೆದು ಗೋಗರೆದು, ಜಗುಲಿ ಇಳಿದು ಬರುತ್ತೇನೆ ಅಂತ ಒಪ್ಪಿದ್ದರು. ಶ್ಯಾವಿಗೆ ಪಾಯಸ ಮಾಡಿ ಬಿಸಿಬಿಸಿ ಬಡಿಸಬೇಕು ಅಂತ ಅವಳ ಆಸೆ. ಇದನ್ನು ಅವಳು ನನಗೆ ಮೂರು ಸಲ ಹೇಳಿದ್ದಳಂತೆ, ಒಮ್ಮೆ ನಾನು ಊಟಕ್ಕೆ ಕೂತಾಗ, ಒಮ್ಮೆ ಕೈ ತೊಳೆಯುವಾಗ, ಒಮ್ಮೆ ಹಿಂದಿನ ರಾತ್ರಿ ಮಲಗುವ ಮುಂಚೆ. ಮೂರಕ್ಕೂ ನಾನು ಹೂಂ ಅಂದಿದ್ದೆನಂತೆ. ಒಂದೇ ಮಾತಿಗೆ ಕಿವಿ ಕೊಟ್ಟು ಕೂತವನಿಗೆ ಹೆಂಡತಿಯ ಮಾತು ಒಂದೂ ಬಿದ್ದಿರಲಿಲ್ಲ.

ಮುಪ್ಪಣ್ಣನವರು ಬಿಳಿ ಪಂಚೆ ಉಟ್ಟು, ಹೆಗಲಿಗೆ ಮಡಿಸಿದ ಟವಲು ಹಾಕಿಕೊಂಡು ಬಂದು ನಡುಮನೆಯಲ್ಲಿ ಕೂತರು. ಒಳಗೆ ಮಗಳು ಕಡ್ಡಿಯ ಮೇಲೆ ಕಡ್ಡಿ ಗೀರಿದಳು. ಒಂದೂ ಹತ್ತಲಿಲ್ಲ. ಓಬಳಪ್ಪನ ಮನೆಗೆ ಓಡಿದಳು, ಎದುರುಮನೆಗೆ ಓಡಿದಳು, ಎಲ್ಲ ಪೊಟ್ಟಣವೂ ಹಾಗೇ. ಕೊನೆಗೆ ಆಚೆ ಬೀದಿಗೆ ಹೋಗಿ ಕೆಂಡ ತರುವಷ್ಟರಲ್ಲಿ ಮುದುಕರು ಚಪ್ಪಲಿ ಮೆಟ್ಟಿ ಹೊರಟುಹೋಗಿದ್ದರು. ತಣ್ಣಗಿನ ಒಲೆಯನ್ನೂ ಖಾಲಿ ಮನೆಯನ್ನೂ ನೋಡಿ, ಮಗಳ ಮನೆಯಲ್ಲೂ ನಾನು ಬೋಳುಬಾಗಿಲವನೇ ಅಂತ ಅವರಿಗೆ ಅನ್ನಿಸಿರಬೇಕು. ಮಧ್ಯಾಹ್ನ ನಾನು ಊಟಕ್ಕೆ ಬಂದು ಕೈ ಚಾಚಿದಾಗ ಸಾವಂತ್ರಿ ನನ್ನ ಉಗುರಿನ ಸಂದಿಯ ಕಂದು ಪುಡಿ ನೋಡಿದಳು. ಗೋಡೆಯ ಗೂಡಿನಿಂದ ತನ್ನ ಹಿತ್ತಾಳೆ ತಟ್ಟೆ ತೆಗೆದು, ಸೆರಗಿನಲ್ಲಿ ಒರೆಸಿ, ಕಂಕುಳಲ್ಲಿ ಇಟ್ಟುಕೊಂಡು ತವರಿಗೆ ನಡೆದಳು.

ನಮ್ಮೂರಲ್ಲಿ ತಟ್ಟೆ ಅಂದರೆ ಸಣ್ಣ ವಿಷಯವಲ್ಲ. ಮದುವೆಯಾಗಿ ಬರುವ ಹೆಣ್ಣು ತನ್ನ ಊಟದ ತಟ್ಟೆ ತರುತ್ತಾಳೆ, ಅದು ಯಾವ ಮನೆಯ ಗೂಡಿನಲ್ಲಿದೆಯೋ ಅವಳು ಆ ಮನೆಯವಳು. ಕೇಳಿಕೆ ದಿನದ ಸಂಜೆ ತಟ್ಟೆ ಎಲ್ಲಿದೆಯೋ, ಕಳೆದ ದಿನಗಳಿಗೂ ಮುಂದಿನ ಒಂದು ವರ್ಷಕ್ಕೂ ಅವಳನ್ನು ಆ ಮನೆಯವಳೆಂದೇ ಎಣಿಸುತ್ತಾರೆ, ಆ ವರ್ಷವಿಡೀ ಅವಳು ಇನ್ನೊಂದು ಮನೆಯಲ್ಲಿ ಉಣ್ಣುವಂತಿಲ್ಲ. ಇಷ್ಟು ಗೊತ್ತಿದ್ದೂ ನಾನು ಒಂಬತ್ತು ದಿನ ಅತ್ತ ಹೋಗಲಿಲ್ಲ. ಕೋಪ ಇಳಿದ ಮೇಲೆ ತಾನೇ ಬರುತ್ತಾಳೆ, ಮೊದಲು ಮಾತು ಉಳಿಯಲಿ, ಅಂದುಕೊಂಡೆ. ಸೀದ ಅನ್ನ ಉಂಡುಕೊಂಡು ಗಿರಾಕಿಗಳ ಬಾಯನ್ನೇ ನೋಡುತ್ತಾ ಕೂತೆ.

ಇವತ್ತು ಕೇಳಿಕೆ ದಿನ. ಬೆಳಿಗ್ಗೆ ದುಗ್ಗಪ್ಪ ಬಂದ. ಏಣಿ ಎಲ್ಲಿ ಇಡುವುದು ಅಂತ ನೋಡಲು ಬಂದಿದ್ದಾನೆ ಅಂದುಕೊಂಡೆ. ಅವನು ಜಗುಲಿಯ ಮೇಲೆ ಕೂತು ನೀರು ಕೇಳಿ ಕುಡಿದು, ನಿಮ್ಮ ಮಾತು ಬಳಕೆಯಾಗಿದೆ, ಅಂದ. ನಾನು ಅವನ ಕಾಲು ಹಿಡಿಯುವುದೊಂದು ಬಾಕಿ. ಯಾರು ಆಡಿದ್ದು ಅಂತ ಕೇಳಿದೆ. ಮುಪ್ಪಣ್ಣನವರ ಜಗುಲಿಯಲ್ಲಿ ಸಾವಂತ್ರಿ ಅಕ್ಕಿ ಆರಿಸುತ್ತಾ ಕೂತಿದ್ದಾಗ ನೆರೆಯಾಕೆ, ನಿನ್ನ ಗಂಡ ಎಂಥವನೇ, ಅಂತ ಕೇಳಿದಳಂತೆ. ಅದಕ್ಕೆ ಇವಳು ಕೊಟ್ಟ ಉತ್ತರವನ್ನು ದುಗ್ಗಪ್ಪ ಒಂದಕ್ಷರ ಬಿಡದೆ ಒಪ್ಪಿಸಿದ:

"ನಮ್ಮ ಯಜಮಾನ್ರು ಫಾಸ್ಫರಸ್ ಇದ್ದಂಗೆ ಕಣಕ್ಕ. ನೀರಲ್ಲಿ ಮುಳುಗಿಸಿ ಇಟ್ರೆ ತಣ್ಣಗಿರ್ತಾರೆ. ಗಾಳಿಗೆ ತೆಗೆದ್ರೆ ತಾವೇ ಹತ್ತಿಕೊಂಡು ಪಕ್ಕದವ್ರನ್ನೂ ಸುಡ್ತಾರೆ."

ಹಾಗಂದರೇನು ಅಂತ ನೆರೆಯಾಕೆ ಕೇಳಿದ್ದಕ್ಕೆ ಸಾವಂತ್ರಿ ಬೆಂಕಿಪೊಟ್ಟಣ, ಮೂಳೆ, ಗೊಬ್ಬರ, ಬೆಳ್ಳಿ, ಕಡೆಗೆ ಆ ಉಚ್ಚೆ ಕಾಯಿಸಿದವನ ತನಕ ಎಲ್ಲ ಬಿಡಿಸಿ ಹೇಳಿದಳಂತೆ, ಒಂದೂ ತಪ್ಪಿಲ್ಲದೆ. ಇದಕ್ಕಿಂತ ನಿಜವಾದ ಬಳಕೆ ನಾನು ಈ ವರ್ಷ ಕೇಳಿಲ್ಲಪ್ಪ, ಅಂದ ದುಗ್ಗಪ್ಪ. ಆಕೆಗೆ ಬೇರೆ ಯಾವ ಮಾತೂ ಸಾಲುತ್ತಿರಲಿಲ್ಲ. ಸಂಜೆ ತನಕ ತಟ್ಟೆ ಅಲ್ಲೇ ಇದ್ದರೆ ಆಕೆ ಆ ಮನೆಯವಳು, ನಿಮ್ಮ ಮಾತು ಉಳಿಯುತ್ತದೆ. ಇಲ್ಲಿಗೆ ಬಂದರೆ ಈ ಮನೆಯವಳು, ಆಡಿದ್ದು ಲೆಕ್ಕಕ್ಕಿಲ್ಲ. ಸುದ್ದಿ ಊರಿಗೆಲ್ಲ ಹಬ್ಬಿದೆ, ಇನ್ನು ಯಾರು ಆಡಿದರೂ ಹೇಳಿಕೊಟ್ಟ ಹಾಗೇ. ಇಷ್ಟು ಹೇಳಿ ಅವನು ಎದ್ದು ಹೋದ.

ಓಬಳಪ್ಪ ಗೋಡೆಯಾಚೆಯಿಂದ ಎಲ್ಲ ಕೇಳಿಸಿಕೊಂಡಿದ್ದ. ಅವನು ಬಂದು, ಒಂದು ವರ್ಷ ತಾನೇ ಮಾರಾಯ, ಮಾತು ಹೋದರೆ ಮೊಮ್ಮಕ್ಕಳ ಕಾಲಕ್ಕೂ ಇಲ್ಲ, ಹೆಂಡತಿ ಮುಂದಿನ ವರ್ಷ ಬರುತ್ತಾಳೆ, ಅಂತ ಬುದ್ಧಿ ಹೇಳಿದ. ಸುಳ್ಳು ಯಾಕೆ ಹೇಳಲಿ, ನಾನೂ ಯೋಚನೆ ಮಾಡಿದೆ. ಒಂದು ವರ್ಷ ಅಂದರೆ ಎಷ್ಟು ಹೊತ್ತಿನ ಸೀದ ಅನ್ನ ಅಂತಲೂ ಯೋಚನೆ ಮಾಡಿದೆ. ಹಲಗೆಯನ್ನು ನೋಡಿದೆ. ಅಜ್ಜ ನೋಡಿಕೊಂಡದ್ದು, ಅಪ್ಪ ವರ್ಷವರ್ಷ ಎಣ್ಣೆ ಒರೆಸಿದ್ದು. ಮಾವನ ಬೋಳು ಬಾಗಿಲೂ ಕಣ್ಣಿಗೆ ಬಂತು. ಒಳ್ಳೆಯವನು ಅನ್ನಿಸಿಕೊಳ್ಳಬೇಕು ಅಂತ ನಾನಿದನ್ನು ಬರೆಯುತ್ತಿಲ್ಲ. ಒಂದು ಗಳಿಗೆ ನಾನು ತಟ್ಟೆ ಅಲ್ಲೇ ಇರಲಿ ಅಂತ ತೀರ್ಮಾನ ಮಾಡಿ ಪಂಪು ಕೈಗೆತ್ತಿಕೊಂಡದ್ದೂ ನಿಜ.

ಪಂಪು ಒತ್ತುತ್ತಾ ಒತ್ತುತ್ತಾ ಒಂದು ವಿಷಯ ತಲೆಗೆ ಹೋಯಿತು. ಎಲ್ಲ ಬಿಡಿಸಿ ಹೇಳಿದಳು, ಒಂದೂ ತಪ್ಪಿಲ್ಲದೆ. ಹದಿನಾಲ್ಕು ವರ್ಷ ಅವಳು ಬತ್ತಿ ಸರಿಮಾಡುತ್ತಾ ಸುಮ್ಮನಿದ್ದಳು ಅಂತ ನಾನು ಅಂದುಕೊಂಡಿದ್ದೆ. ಸುಮ್ಮನಿರಲಿಲ್ಲ, ಕೇಳಿಸಿಕೊಳ್ಳುತ್ತಿದ್ದಳು. ಇಡೀ ಊರು ಸೈಕಲ್ ತಳ್ಳಿಕೊಂಡು ಓಡಿಹೋದ ಮಾತನ್ನು ಒಬ್ಬಳೇ ಕೂತು ಕೇಳಿದ್ದಳು. ನಾನು ಅವಳ ಮೂರು ಮಾತು ಕೇಳಿಸಿಕೊಂಡಿರಲಿಲ್ಲ. ನನಗೆ ಅಳು ಬಂತು. ಟ್ಯೂಬು ಒಡೆಯುವ ತನಕ ಗಾಳಿ ಹೊಡೆದಿದ್ದೆ.

ಸಂತೆಯ ಬೀದಿಗೆ ಹೋಗಿ ಸೌತೆಕಾಯಿ ಕೊಂಡೆ. ಒಂದು ಸಾಕು, ಪದ್ಧತಿ ಒಂದೇ. ನನ್ನದು ಒಂದಕ್ಕೆ ಮುಗಿಯುವ ಪಾಪವಲ್ಲ ಅಂತ ಬುಟ್ಟಿಯನ್ನೇ ತಲೆಯ ಮೇಲೆ ಹೊತ್ತು ಹೊರಟೆ. ದಾರಿಯುದ್ದಕ್ಕೂ ಜನ ನಿಂತು ನೋಡಿದರು. ಒಬ್ಬಳು, ಏನಪ್ಪ, ಕೊಲೆ ಮಾಡಿದೀಯಾ, ಅಂತ ಕೇಳಿದಳು.

ಮಾವ ಜಗುಲಿಯಲ್ಲೇ ಇದ್ದರು. ನಾನು ಹೊಸ್ತಿಲ ಮೇಲೆ ಬುಟ್ಟಿ ಇಳಿಸಿ ತಲೆ ಬಗ್ಗಿಸಿ ನಿಂತೆ. ಅವರಿಗೆ ಆ ಸೋಮವಾರ ಒಲೆ ಯಾಕೆ ತಣ್ಣಗಿತ್ತು ಅಂತ ಹೇಳಿದೆ. ಬೆಂಕಿಪೊಟ್ಟಣ ಕೆರೆದವನು ನಾನೇ, ಮಗಳದು ಏನೂ ಇಲ್ಲ, ಅಂದೆ. ಸಾವಂತ್ರಿ ಬಾಗಿಲಿಗೆ ಬಂದಳು, ಬುಟ್ಟಿ ನೋಡಿದಳು, ನನ್ನನ್ನು ನೋಡಿದಳು.

"ತಟ್ಟೆ ಕೊಡು ಸಾವಂತ್ರಿ, ಮನೆಗೆ ಹೋಗೋಣ," ಅಂದೆ.

"ಸಂಜೆ ತನಕ ಸುಮ್ನಿರ್ರಿ. ಮಾತು ಉಳೀತದೆ," ಅಂದಳು. "ಉಳಿಸ್ಬೇಕಂತ ಆಡ್ಲಿಲ್ಲ, ಸಿಟ್ಟಿಗೆ ಬಾಯಿಗೆ ಬಂತು. ಬಂದ್ಮೇಲೆ ಇರ್ಲಿ ಅನ್ನಿಸ್ತು. ಅಪ್ಪನ ಮುಖ ಹನ್ನೊಂದು ವರ್ಷ ನೋಡೀನಿ. ಇನ್ನೊಂದು ಅಂಥ ಮುಖ ನೋಡೋಕೆ ನನ್ ಕೈಲಾಗಲ್ಲ."

ಒಂದು ವರ್ಷ ತವರಿನಲ್ಲಿ ಕೂರಲು ಅವಳು ತಯಾರಾಗಿದ್ದಳು, ನಾನು ಹಲಗೆಯ ಕೆಳಗೆ ತಲೆಯೆತ್ತಿ ಓಡಾಡಲಿ ಅಂತ. ಇಂಥಲ್ಲಿ ಆಡುವ ಮಾತು ಒಂದಿತ್ತು, ಅದು ಇದೇ ಮನೆಯದು, ಇದೇ ಬಾಗಿಲ ಮೇಲಿದ್ದದ್ದು. ನಾನು ಮೇಲೆ ನೋಡಿದೆ. ಹಲಗೆಯ ಮೊಳೆಗಳ ತೂತು ಮಾತ್ರ ಕಂಡವು.

"ಸೋಮವಾರದ ವಿಷಯ ನೀನು ಮೂರು ಸಲ ಹೇಳಿದ್ದೆ," ಅಂದೆ. "ಈಗ ಇನ್ನೊಂದು ಸಲ ಹೇಳು. ಕೇಳಿಸ್ಕೋತೀನಿ."

ಅವಳು ಕಣ್ಣಿಗೆ ಸೆರಗು ಒತ್ತಿಕೊಂಡಳು. ಆಗ ಮುಪ್ಪಣ್ಣನವರು ಎದ್ದು ಬಂದು ಬುಟ್ಟಿಯಿಂದ ಒಂದು ಸೌತೆಕಾಯಿ ಎತ್ತಿ, ಪಂಚೆಗೆ ಒರೆಸಿ, ಮೊಣಕಾಲಿಗೆ ಬಡಿದು ಎರಡು ಮಾಡಿ ನನಗೊಂದು ತುಂಡು ಕೊಟ್ಟರು. ಇನ್ನೊಂದನ್ನು ತಾವು ಕಚ್ಚಿದರು.

"ಮಾತು ಹೋದ್ರೂ ಬದುಕಬೌದು ಅಳಿಯಂದ್ರೇ," ಅಂದರು. "ನಾ ಬದುಕ್ಲಿಲ್ಲ, ಕೂತೆ. ನೀವು ಕೂರಬೇಡಿ."

ಆಮೇಲೆ ಟವಲು ಹೆಗಲಿಗೆ ಹಾಕಿಕೊಂಡು ಮಗಳಿಗೆ, ಆ ಪಾಯಸ ಏನಾಯಿತೇ, ಅಂತ ಕೇಳಿದರು.

ಮೂವರೂ ನಡೆದುಕೊಂಡೇ ಬಂದೆವು. ಮುಂದೆ ಮಾವ, ಅವರ ಹಿಂದೆ ತಟ್ಟೆ ಹಿಡಿದುಕೊಂಡು ಸಾವಂತ್ರಿ, ಹಿಂದೆ ಉಳಿದ ಸೌತೆಕಾಯಿ ಹೊತ್ತ ನಾನು. ಬೀದಿಯ ತಿರುವಿನಲ್ಲಿ ನಿಂತಿದ್ದ ದುಗ್ಗಪ್ಪ ತಟ್ಟೆಯನ್ನು ನೋಡಿ ಏಣಿಯ ಕಡೆ ಹೊರಟ. ಬೀದಿಯ ಒಂದೊಂದು ಮನೆಗೂ ಒಂದೊಂದು ಸೌತೆಕಾಯಿ ಇಟ್ಟು ಬೆಂಕಿಪೊಟ್ಟಣದ ವಿಷಯ ಒಪ್ಪಿಕೊಂಡೆ. ಓಬಳಪ್ಪ ಎರಡು ಇಸಿದುಕೊಂಡ, ಗೋಡೆಯಾಚೆಯಿಂದ ಹದಿನಾಲ್ಕು ವರ್ಷ ಕೇಳಿಸಿಕೊಂಡದ್ದಕ್ಕೆ ಇನ್ನೊಂದಂತೆ. ತಟ್ಟೆ ಗೂಡಿಗೆ ಏರಿತು. ಮಧ್ಯಾಹ್ನದಿಂದ ನಾನು ಜಗುಲಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ, ಮಾತು ಇರುವಾಗಲೇ ಅದು ಎಲ್ಲೆಲ್ಲಿ ಬಳಕೆಯಾಗುತ್ತದೆ ಅನ್ನುವುದು ಒಂದು ಕಡೆ ಇರಲಿ ಅಂತ. ಫಾಸ್ಫರಸ್. ಫಾಸ್ಫರಸ್. ಬರೆಯಲು ಎಷ್ಟು ಚೆನ್ನಾಗಿದೆ ನೋಡಿ. ಒಳಗೆ ತುಪ್ಪದಲ್ಲಿ ಶ್ಯಾವಿಗೆ ಹುರಿಯುವ ವಾಸನೆ ಬರುತ್ತಿದೆ. ಮಾವ ಒಲೆಯ ಮುಂದೆಯೇ ಮಣೆ ಹಾಕಿಸಿಕೊಂಡು ಕೂತಿದ್ದಾರೆ.

ಇಷ್ಟು ಬರೆಯುವಷ್ಟರಲ್ಲಿ ಒಳಗಿನಿಂದ ಕರೆದಳು, ದೀಪದ ಹೊತ್ತಾಯಿತು ಅಂತ. ಉಳಿದ ನಾಲ್ಕು ಸಾಲನ್ನು ಆಮೇಲೆ ಬರೆಯುತ್ತಿದ್ದೇನೆ. ಮೇಲಿನ ಹಾಳೆಗಳನ್ನು ತಿರುವಿ ನೋಡಿದೆ. ಆ ಮಾತಿನ ಅಕ್ಷರ ಇದೆ, ಓದಲು ಹೋದರೆ ನಾಲಿಗೆ ಅಲ್ಲೇ ನಿಲ್ಲುತ್ತದೆ.

ನಾನು ಒಳಗೆ ಹೋದಾಗ ಸಾವಂತ್ರಿ ಹೊಸ ಪೊಟ್ಟಣ ಬಿಚ್ಚಿ ಕಡ್ಡಿ ಗೀರಿದಳು. ಒಂದೇ ಗೀರಿಗೆ ಹತ್ತಿತು. ನಾನು ಅಭ್ಯಾಸಬಲದಿಂದ ಬಾಯಿ ತೆರೆದೆ. ಏನೂ ಬರಲಿಲ್ಲ. ಮಾವ ನನ್ನ ತುಟಿಯನ್ನೇ ನೋಡುತ್ತಿದ್ದರು, ಅವರಿಗೆ ಗೊತ್ತಿತ್ತು. ಸಾವಂತ್ರಿ ಬತ್ತಿಗೆ ಹಚ್ಚದೆ ಉರಿಯುವ ಕಡ್ಡಿ ಹಿಡಿದು ಕಾದಳು, ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ನನ್ನ ಮುಖ ನೋಡಿಕೊಂಡು.

"ಇವತ್ತು ಹೇಳಲ್ವಾ?" ಅಂದಳು.

ನಾನು ಗದ್ದ ಮುಂದೆ ಮಾಡಿ ಪೊಟ್ಟಣದ ಮಗ್ಗುಲು ತೋರಿಸಿದೆ.

"ಗೊತ್ತು ಬಿಡ್ರಿ," ಅಂದು ಅವಳು ದೀಪ ಹಚ್ಚಿದಳು, ಕಡ್ಡಿ ಆರಿಸಿದಳು, ಪಕ್ಕದಲ್ಲಿದ್ದ ನೀರಿನ ಚೊಂಬನ್ನು ನನ್ನ ಕಡೆಗೆ ತಳ್ಳಿದಳು.